ಮನೆಯವರ ಬೆಂಬಲ ಇಲ್ಲದೆ ಕಾಲೇಜು ಸೇರೋದು ಹೇಗೆ? ಊಟ, ವಸತಿ, ಫೀ ಬಗ್ಗೆ ಗೊತ್ತಿದ್ದವರು ಹೇಳಿ

ಬೆಣ್ಣೆನಗರಿ ಹುಡುಗಿ

ಎಲ್ಲರಿಗೂ ನಮಸ್ಕಾರ. ನನಗೆ ಹದಿನೆಂಟು ತುಂಬಿ ನಾಲ್ಕು ತಿಂಗಳಾಯ್ತು. ಸೆಕೆಂಡ್ ಪಿಯುಸಿ ಸೈನ್ಸ್‌ನಲ್ಲಿ 86 ಪರ್ಸೆಂಟ್ ಬಂದಿದೆ. ಸಿಇಟಿ ಬರೆದಿದ್ದೇನೆ, ರ‍್ಯಾಂಕ್ ಬರಬೇಕು. ಪರೀಕ್ಷೆ ಮುಗಿದ ವಾರವೇ ಮನೆಯಲ್ಲಿ ಮದುವೆ ಮಾತು ಶುರು ಮಾಡಿದರು. ನಾನು ಓದ್ತೀನಿ ಅಂದೆ. "ಓದೋದಾದರೆ ನಮ್ಮಿಂದ ಒಂದು ರೂಪಾಯಿ ನಿರೀಕ್ಷೆ ಮಾಡಬೇಡ" ಅಂದರು ಅಪ್ಪ. ಈಗ ಅಜ್ಜಿ ಮನೆಗೆ ಬಂದಿದ್ದೇನೆ. ಅಜ್ಜಿಗೆ ಬರೋದು ಸಂಧ್ಯಾ ಸುರಕ್ಷಾ 1,200 ರೂಪಾಯಿ ಮತ್ತು ಗೃಹಲಕ್ಷ್ಮಿ 2,000. ಅದರಲ್ಲಿ ನಾನು ಪಾಲು ಕೇಳೋಕೆ ಆಗಲ್ಲ.

ನಮ್ಮದು ಹಿಂದುಳಿದ ವರ್ಗ, 2ಎ. ಅಪ್ಪನಿಗೆ ಮೂರು ಎಕರೆ ಜಮೀನಿದೆ. ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್ ಮನೆಯಲ್ಲೇ ಉಳಿದಿದೆ. ಬ್ಯಾಂಕ್ ಖಾತೆ ಶಾಲೆಯಲ್ಲಿದ್ದಾಗ ಅಪ್ಪನ ಜೊತೆ ಮಾಡಿಸಿದ್ದು. ಆಧಾರ್‌ಗೆ ಅಪ್ಪನ ಮೊಬೈಲ್ ನಂಬರ್ ಇದೆ, ಒಟಿಪಿ ಎಲ್ಲ ಅವರಿಗೇ ಹೋಗುತ್ತೆ. ಎಂಜಿನಿಯರಿಂಗ್ ಮಾಡಬೇಕು ಅಂತ ಆಸೆ. ಸಿಗದಿದ್ದರೆ ಬಿಎಸ್ಸಿ ಆದರೂ ಸರಿ. ಯಾರಾದರೂ ಹೀಗೆ ಓದಿದವರು ಇದ್ದೀರಾ? ಎಲ್ಲಿಂದ ಶುರು ಮಾಡಲಿ?

ಕೊಪ್ಪಳದ ಮೇಷ್ಟ್ರು

ತಂಗಿ, ಮೊದಲು ಸಮಾಧಾನ ಮಾಡ್ಕೋ. ನಾನು ಹೀಗೇ ಓದಿದವನು. ನಮ್ಮಪ್ಪ ಬೇಡ ಅಂದಿರಲಿಲ್ಲ, ಆದರೆ ಕೊಡೋಕೆ ಅವರ ಹತ್ತಿರ ಏನೂ ಇರಲಿಲ್ಲ. ಪಿಯುಸಿಯಿಂದ ಬಿ.ಎಡ್‌ವರೆಗೂ ಬಿಸಿಎಂ, ಅಂದರೆ ಹಿಂದುಳಿದ ವರ್ಗಗಳ ಇಲಾಖೆಯ ಹಾಸ್ಟೆಲ್‌ನಲ್ಲೇ ಇದ್ದೆ.

ನನ್ನ ಅನುಭವದಲ್ಲಿ ಒಂದು ಮಾತು ಹೇಳ್ತೀನಿ. ಎಲ್ಲರೂ ಮೊದಲು "ಸ್ಕಾಲರ್‌ಶಿಪ್ ಯಾವುದಿದೆ" ಅಂತ ಹುಡುಕ್ತಾರೆ. ನೀನು ಮೊದಲು ಹಾಸ್ಟೆಲ್ ಹುಡುಕು. ಸ್ಕಾಲರ್‌ಶಿಪ್ ದುಡ್ಡು ಬರೋದು ವರ್ಷದ ಕೊನೆಗೆ, ಕೆಲವು ಸಲ ಮುಂದಿನ ವರ್ಷಕ್ಕೆ. ಅಲ್ಲಿವರೆಗೆ ಹೊಟ್ಟೆ ಕಾಯಲ್ಲ. ನನ್ನ ಜೊತೆ ಓದು ಬಿಟ್ಟವರಲ್ಲಿ ಜಾಸ್ತಿ ಜನ ಫೀ ಕಟ್ಟೋಕಾಗದೆ ಬಿಟ್ಟವರಲ್ಲ. ರೂಮ್ ಬಾಡಿಗೆ, ಮೆಸ್ ದುಡ್ಡು ಹೊಂದಿಸೋಕಾಗದೆ ಬಿಟ್ಟವರು. ಇದು ನನಗೆ ಇವತ್ತಿಗೂ ನೋವು ಕೊಡುತ್ತೆ.

ಹಿಂದುಳಿದ ವರ್ಗಗಳ ಕಲ್ಯಾಣ ಇಲಾಖೆಯ ಮೆಟ್ರಿಕ್ ನಂತರದ ಹಾಸ್ಟೆಲ್‌ನಲ್ಲಿ ಊಟ, ವಸತಿ ಎರಡೂ ಉಚಿತ. ಎಸ್‌ಸಿ, ಎಸ್‌ಟಿ, ಅಲ್ಪಸಂಖ್ಯಾತರಿಗೆ ಅವರವರ ಇಲಾಖೆಯ ಹಾಸ್ಟೆಲ್‌ಗಳಿವೆ. ಅರ್ಜಿ ಆನ್‌ಲೈನ್, ಸ್ಟೇಟ್ ಹಾಸ್ಟೆಲ್ ಪೋರ್ಟಲ್‌ನಲ್ಲಿ. ಕಾಲೇಜಿಗೆ ಅಡ್ಮಿಷನ್ ಆದ ಮೇಲೆ ಹಾಕೋದು. ಆದರೆ ಈಗಲೇ ತಾಲೂಕಿನ ಬಿಸಿಎಂ ಆಫೀಸಿಗೆ ಒಂದು ಸಲ ಹೋಗಿ ಮುಖ ತೋರಿಸಿ ಬಾ, ಏನೇನು ಬೇಕು ಅಂತ ಕೇಳ್ಕೊಂಡು ಬಾ. ಸೀಟು ಸಿಗದಿದ್ದರೆ ವಿದ್ಯಾಸಿರಿ ಇದೆ. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ಮಕ್ಕಳಿಗೆ ಊಟ ವಸತಿಗೆ ಅಂತ ಕೊಡೋ ದುಡ್ಡು. ನನ್ನ ತಮ್ಮನಿಗೆ ತಿಂಗಳಿಗೆ 1,500ರಂತೆ ಹತ್ತು ತಿಂಗಳದ್ದು ಬಂದಿತ್ತು. ಅದೂ ಒಟ್ಟಿಗೆ, ತಡವಾಗಿ.

ಶಾಖೆಯ ಅಕ್ಕ

ನಾನು ಬ್ಯಾಂಕಿನಲ್ಲಿ ಕೆಲಸ ಮಾಡ್ತೀನಿ. ಮೇಷ್ಟ್ರು ಹೇಳಿದ್ದು ಸರಿ. ಆದರೆ ಹಾಸ್ಟೆಲ್‌ಗೂ ಮೊದಲು ಒಂದು ಕೆಲಸ ಇದೆ ಪುಟ್ಟಿ. ಆಧಾರ್‌ಗೆ ನಿನ್ನ ಸ್ವಂತ ಮೊಬೈಲ್ ನಂಬರ್ ಹಾಕಿಸು. ನಾಳೆಯೇ ಹೋಗು.

ಯಾಕೆ ಅಂದರೆ ಮುಂದಿನದೆಲ್ಲ ಆ ಒಂದು ನಂಬರ್ ಮೇಲೆ ನಿಂತಿದೆ. ರಾಜ್ಯದ ಸ್ಕಾಲರ್‌ಶಿಪ್ ಪೋರ್ಟಲ್ ಎಸ್‌ಎಸ್‌ಪಿ, ದಾಖಲೆಗಳು ಆನ್‌ಲೈನ್‌ನಲ್ಲಿ ಸಿಗೋ ಡಿಜಿಲಾಕರ್, ಬ್ಯಾಂಕಿನ ಕೆವೈಸಿ, ಎಲ್ಲಕ್ಕೂ ಒಟಿಪಿ ಬೇಕು. ಪ್ರತಿ ಸಲ ಅಪ್ಪನಿಗೆ ಫೋನ್ ಮಾಡಿ ಒಟಿಪಿ ಕೇಳೋ ಪರಿಸ್ಥಿತಿಯಲ್ಲಿ ನೀನಿಲ್ಲ. ಮೊಬೈಲ್ ನಂಬರ್ ಬದಲಾಯಿಸೋಕೆ ಯಾವ ದಾಖಲೆಯೂ ಬೇಡ, ಅಪ್ಪನ ಒಪ್ಪಿಗೆಯೂ ಬೇಡ. ನೀನೇ ಆಧಾರ್ ಕೇಂದ್ರಕ್ಕೆ ಹೋಗಿ ಬೆರಳಚ್ಚು ಕೊಟ್ಟರೆ ಸಾಕು. ನೂರು ರೂಪಾಯಿಯ ಒಳಗೇ ಆಗುತ್ತೆ. ಕೆಲವು ಊರುಗಳಲ್ಲಿ ಪೋಸ್ಟ್‌ಮ್ಯಾನ್ ಹತ್ತಿರಾನೇ ಮಾಡಿಸಬಹುದು, ಕೇಳಿ ನೋಡು.

ಅದಾದ ಮೇಲೆ ಹೊಸ ಖಾತೆ ತೆರೆ. ಝೀರೋ ಬ್ಯಾಲೆನ್ಸ್ ಖಾತೆ ಅಂತ ಕೇಳು. ಹಳೆಯ ಖಾತೆ ಸರಿ ಮಾಡಿಸ್ತೀನಿ ಅಂತ ಓಡಾಡಬೇಡ, ಸುಮ್ನೆ ಸಮಯ ಹಾಳು. ಹೊಸ ಖಾತೆಗೆ ಆಧಾರ್ ಸೀಡಿಂಗ್, ಅಂದರೆ ಸರ್ಕಾರದ ದುಡ್ಡು ಬೀಳೋಕೆ ಆಧಾರ್ ಜೋಡಿಸೋ ಫಾರ್ಮ್ ಬೇರೆಯಾಗಿ ಕೊಡು. ಖಾತೆಗೆ ಆಧಾರ್ ಕೊಟ್ಟಿದ್ದೀನಿ ಅಂದ ಮಾತ್ರಕ್ಕೆ ಸೀಡಿಂಗ್ ಆಗಿದೆ ಅಂತ ಅಲ್ಲ. ಬ್ಯಾಂಕುಗಳ ನಡುವಿನ ಪಾವತಿ ನೋಡಿಕೊಳ್ಳೋ ಎನ್‌ಪಿಸಿಐನಲ್ಲಿ ನಿನ್ನ ಆಧಾರ್ ಯಾವ ಖಾತೆಗೆ ಕೊನೆಯದಾಗಿ ಜೋಡಣೆ ಆಗಿದೆಯೋ ಆ ಖಾತೆಗೇ ಸರ್ಕಾರದ ದುಡ್ಡು ಬೀಳೋದು. ಈಗ ಹಾಗೇ ಬಿಟ್ಟರೆ ನಿನ್ನ ಸ್ಕಾಲರ್‌ಶಿಪ್ ಅಪ್ಪನ ಜೊತೆಗಿನ ಖಾತೆಗೆ ಹೋಗಿ ಕೂರುತ್ತೆ. ಇಂಥ ಎಷ್ಟೋ ಮಕ್ಕಳು ನಮ್ಮ ಕೌಂಟರ್ ಮುಂದೆ ನಿಂತು ಅತ್ತಿದ್ದನ್ನು ನೋಡಿದ್ದೇನೆ.

ಊರ ಹಿರಿಯ

ಮಗಳೇ, ನಾನು ಎರಡು ಹೆಣ್ಣುಮಕ್ಕಳ ತಂದೆ. ಸ್ಕಾಲರ್‌ಶಿಪ್, ಲೋನು ಎಲ್ಲ ಇರಲಿ. ಅಪ್ಪನ ಸಿಟ್ಟು ಎಷ್ಟು ದಿನ? ಯಾರಾದರೂ ದೊಡ್ಡವರನ್ನ ಮುಂದಿಟ್ಟುಕೊಂಡು ಮಾತಾಡಿಸು. ವಾಪಸ್ ಹೋಗಿ ಕೈ ಹಿಡಿದು ಕೇಳು. ಹೆತ್ತವರು ಒಪ್ಪೇ ಒಪ್ತಾರೆ.

ಬೆಣ್ಣೆನಗರಿ ಹುಡುಗಿ

ಸರ್, ನಿಮ್ಮ ಕಳಕಳಿ ಅರ್ಥ ಆಗುತ್ತೆ. ಆದರೆ ಈಗ ವಾಪಸ್ ಹೋದರೆ ನಿಶ್ಚಿತಾರ್ಥ ಮಾಡಿಯೇ ಬಿಡ್ತಾರೆ. ದಿನ ಕೂಡ ನೋಡಿದ್ದಾರೆ. ಅದಕ್ಕೇ ಬಂದಿದ್ದು.

ಸಂಜೆ ಕಾಲೇಜಿನವಳು

ಹಿರಿಯರೇ, ದಯವಿಟ್ಟು ಅವಳನ್ನ ವಾಪಸ್ ಹೋಗು ಅನ್ನಬೇಡಿ. ನನ್ನ ಅಕ್ಕ ಹೀಗೇ "ಮಾತಾಡಿ ಬರ್ತೀನಿ" ಅಂತ ಹೋದವಳು, ಹದಿನೈದು ದಿನಕ್ಕೆ ಮದುವೆ ಆಯ್ತು. ಮಾತಾಡಬೇಕಾದರೆ ಬೇರೆಯವರು ಹೋಗಿ ಮಾತಾಡಲಿ, ಅವಳು ಇದ್ದಲ್ಲೇ ಇರಲಿ.

ತಂಗಿ, ಯಾರಾದರೂ ಬಲವಂತ ಮಾಡಿದರೆ 181ಕ್ಕೆ ಫೋನ್ ಮಾಡು, ಅದು ಮಹಿಳಾ ಸಹಾಯವಾಣಿ. ತುರ್ತು ಅಂದರೆ 112. ಇನ್ನೊಂದು ವಿಷಯ. ಮದುವೆಯಾಗದ ಮಗಳಿಗೆ ದುಡಿಮೆ ಇಲ್ಲದಿದ್ದರೆ, ಹದಿನೆಂಟು ದಾಟಿದ ಮೇಲೂ ತಂದೆಯಿಂದ ಜೀವನಾಂಶ ಕೇಳೋ ಹಕ್ಕು 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆಯ 20ನೇ ಸೆಕ್ಷನ್‌ನಲ್ಲಿ ಇದೆ. 2020ರಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನ ಹೇಳಿದೆ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇದ್ದರೂ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ವಕೀಲರು ಉಚಿತ, ಸಹಾಯವಾಣಿ 15100. ಈಗಲೇ ಕೇಸ್ ಹಾಕು ಅಂತ ಹೇಳ್ತಿಲ್ಲ. ಕೋರ್ಟಿಗೆ ಅಲೆಯೋದು ಸುಲಭ ಅಲ್ಲ, ಆ ದುಡ್ಡು ನಂಬಿಕೊಂಡು ಸೀಟು ತಗೊಳ್ಳೋಕೂ ಆಗಲ್ಲ. ಆದರೆ ನಿನ್ನ ಕೈಯಲ್ಲಿ ಹಕ್ಕಿದೆ ಅಂತ ಗೊತ್ತಿರಲಿ.

ಊರ ಹಿರಿಯ

ನಿಶ್ಚಿತಾರ್ಥದ ವಿಷಯ ನನಗೆ ಗೊತ್ತಿರಲಿಲ್ಲ. ಹಾಗಾದರೆ ಹೋಗಬೇಡ ಮಗಳೇ. ನನ್ನ ಮಾತು ವಾಪಸ್ ತಗೊಳ್ತೀನಿ. ನಮ್ಮ ತಾತ ಮೈಸೂರಲ್ಲಿ ವಾರಾನ್ನ ಮಾಡಿಕೊಂಡು ಓದಿದವರು. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ. ಭಾನುವಾರಕ್ಕೆ ಮನೆ ಸಿಗದೆ ನೀರು ಕುಡಿದು ಮಲಗ್ತಿದ್ದರಂತೆ. ನಿನಗೆ ಸರ್ಕಾರದ ಹಾಸ್ಟೆಲ್ ಇದೆ. ಅದು ಭಿಕ್ಷೆ ಅಲ್ಲ, ಸಂಕೋಚ ಪಡಬೇಡ.

ಪಾಲಿಟೆಕ್ನಿಕ್ ಸರ್

ನಾನು ಸರ್ಕಾರಿ ಪಾಲಿಟೆಕ್ನಿಕ್‌ನಲ್ಲಿ ಪಾಠ ಮಾಡ್ತೀನಿ. ಸೀಟಿನ ವಿಷಯ ಸ್ವಲ್ಪ ಬಿಡಿಸಿ ಹೇಳ್ತೀನಿ.

ಎಸ್‌ಎನ್‌ಕ್ಯೂ ಅಂತ ಕೇಳಿದ್ದೀಯಾ? ಪ್ರತಿ ಕೋರ್ಸಿನಲ್ಲೂ ಮಂಜೂರಾದ ಸೀಟುಗಳ ಮೇಲೆ ಶೇ 5ರಷ್ಟು ಹೆಚ್ಚುವರಿ ಸೀಟು. ಕುಟುಂಬದ ಆದಾಯ ವರ್ಷಕ್ಕೆ 8 ಲಕ್ಷದ ಒಳಗಿದ್ದರೆ ಇದಕ್ಕೆ ಅರ್ಹತೆ. ಬೋಧನಾ ಶುಲ್ಕ ಪೂರ್ತಿ ಮಾಫಿ. ವಿಶ್ವವಿದ್ಯಾಲಯದ ಶುಲ್ಕ ಅಂತೆಲ್ಲ ಸ್ವಲ್ಪ ಕಟ್ಟಬೇಕು, ಆದರೆ ಖಾಸಗಿ ಕಾಲೇಜಿನಲ್ಲಿ ಇದರಿಂದ ಉಳಿಯೋ ದುಡ್ಡು ದೊಡ್ಡದು. ಆಮೇಲೆ ಬ್ರ್ಯಾಂಚ್, ಕಾಲೇಜು ಬದಲಾಯಿಸೋಕೆ ಆಗಲ್ಲ. ಸಿಇಟಿ ಅರ್ಜಿಯಲ್ಲಿ ಆದಾಯ ಪ್ರಮಾಣಪತ್ರದ ಮೇಲಿರೋ ಆರ್‌ಡಿ ನಂಬರ್ ಹಾಕಿ ಎಸ್‌ಎನ್‌ಕ್ಯೂ ಕೇಳಿದ್ದೀಯಾ ಅಂತ ನೋಡು.

ಆಪ್ಷನ್ ಎಂಟ್ರಿಯಲ್ಲಿ ಕಾಲೇಜುಗಳನ್ನ ಆರಿಸುವಾಗ ಹೆಸರಿಗೆ ಮರುಳಾಗಬೇಡ. ಹಾವೇರಿ, ಹಾಸನ, ರಾಮನಗರ, ಚಳ್ಳಕೆರೆ, ಹೂವಿನಹಡಗಲಿ, ಇಲ್ಲೆಲ್ಲ ಸರ್ಕಾರಿ ಎಂಜಿನಿಯರಿಂಗ್ ಕಾಲೇಜುಗಳಿವೆ. ಬೆಂಗಳೂರಲ್ಲಿ ಯುವಿಸಿಇ ಇದೆ, 1917ರಿಂದ ನಡೆಯುತ್ತಿರುವ ಕಾಲೇಜು. ಖಾಸಗಿ ಕಾಲೇಜಿನ ಸರ್ಕಾರಿ ಸೀಟಿಗಿಂತ ಇಲ್ಲಿ ಫೀ ಕಡಿಮೆ. ನಿನ್ನಂಥ ಪರಿಸ್ಥಿತಿಯಲ್ಲಿ ಕಾಲೇಜು ಯಾವುದು ಅನ್ನೋದರಷ್ಟೇ ಆ ಊರಲ್ಲಿ ಹಾಸ್ಟೆಲ್ ಇದೆಯಾ ಅನ್ನೋದೂ ಮುಖ್ಯ.

ಸೀಟು ಸಿಕ್ಕರೆ ಕೇಂದ್ರದ ತಾಂತ್ರಿಕ ಶಿಕ್ಷಣ ಮಂಡಳಿ ಎಐಸಿಟಿಇಯ ಪ್ರಗತಿ ಸ್ಕಾಲರ್‌ಶಿಪ್‌ಗೆ ತಪ್ಪದೆ ಅರ್ಜಿ ಹಾಕು. ಹೆಣ್ಣುಮಕ್ಕಳಿಗೆ ಅಂತಲೇ ಇದೆ, ವರ್ಷಕ್ಕೆ 50,000. ಆದಾಯ ಮಿತಿ 8 ಲಕ್ಷ. ಮೊದಲ ವರ್ಷವೇ ಕೇಂದ್ರದ ಸ್ಕಾಲರ್‌ಶಿಪ್ ಪೋರ್ಟಲ್ ಎನ್‌ಎಸ್‌ಪಿಯಲ್ಲಿ ಹಾಕಬೇಕು. ಎಲ್ಲರಿಗೂ ಸಿಗಲ್ಲ, ಅಂಕ ನೋಡಿ ಕೊಡ್ತಾರೆ. ನಿನ್ನ ಅಂಕಕ್ಕೆ ಪ್ರಯತ್ನ ಮಾಡಲೇಬೇಕು.

ರ‍್ಯಾಂಕ್ ಚೆನ್ನಾಗಿ ಬರದಿದ್ದರೆ? ಡಿಪ್ಲೊಮಾ ಅಂದರೆ ಕೆಳಗೆ ಅಂತ ತಿಳ್ಕೋಬೇಡ. ಸರ್ಕಾರಿ ಪಾಲಿಟೆಕ್ನಿಕ್ ಫೀ ತುಂಬಾ ಕಡಿಮೆ. ಮುಗಿಸಿ ಡಿಪ್ಲೊಮಾದವರ ಸಿಇಟಿ, ಅಂದರೆ ಡಿಸಿಇಟಿ ಬರೆದರೆ ಎಂಜಿನಿಯರಿಂಗ್ ಎರಡನೇ ವರ್ಷಕ್ಕೆ ನೇರ ಸೇರಬಹುದು. ಸರ್ಕಾರದ ಟೂಲ್ ರೂಮ್ ತರಬೇತಿ ಕೇಂದ್ರ ಜಿಟಿಟಿಸಿಯಲ್ಲಿ ಮಾಡಿದರೆ ಕೊನೆಯ ವರ್ಷ ಕಾರ್ಖಾನೆಯಲ್ಲಿ ಸ್ಟೈಪೆಂಡ್ ಸಮೇತ ತರಬೇತಿ.

ಬಾಲಮಂದಿರದ ತಮ್ಮ

ಈ ಚರ್ಚೆ ಓದ್ತಾ ನನ್ನ ಹದಿನೆಂಟನೇ ಹುಟ್ಟುಹಬ್ಬ ನೆನಪಾಯ್ತು. ನನಗೆ ಬಿಟ್ಟು ಬರೋಕೆ ಮನೆಯೇ ಇರಲಿಲ್ಲ. ಬಾಲಮಂದಿರದಲ್ಲಿ ಬೆಳೆದವನು. ಹದಿನೆಂಟು ಆದ ದಿನ ಬ್ಯಾಗ್ ಹಿಡ್ಕೊಂಡು ಹೊರಗೆ ನಿಂತಿದ್ದೆ, ಎಲ್ಲಿಗೆ ಹೋಗೋದು ಅಂತ ಗೊತ್ತಿರಲಿಲ್ಲ.

ನನ್ನಂಥವರು ಯಾರಾದರೂ ಓದ್ತಿದ್ದರೆ ಅಂತ ಬರೀತಿದ್ದೇನೆ. 2015ರ ಬಾಲನ್ಯಾಯ ಕಾಯ್ದೆಯ 46ನೇ ಸೆಕ್ಷನ್‌ನಲ್ಲಿ ಪಾಲನಾ ಸಂಸ್ಥೆಯಿಂದ ಹೊರಗೆ ಬರೋ ಮಕ್ಕಳಿಗೆ ಹಣದ ನೆರವು ಕೊಡೋಕೆ ಅವಕಾಶ ಇದೆ. ಇದನ್ನ ಆಫ್ಟರ್ ಕೇರ್ ಅಂತಾರೆ. 21 ವರ್ಷದವರೆಗೆ, ವಿಶೇಷ ಸಂದರ್ಭದಲ್ಲಿ 23ರವರೆಗೆ. ಮಿಷನ್ ವಾತ್ಸಲ್ಯದ ನಿಯಮದಲ್ಲಿ ತಿಂಗಳಿಗೆ 4,000 ರೂಪಾಯಿ ಅಂತ ಇದೆ. ನೋಡಿಕೊಳ್ಳೋದು ಜಿಲ್ಲಾ ಮಕ್ಕಳ ರಕ್ಷಣಾ ಘಟಕ. ಯಾರೂ ಬಂದು ಹೇಳಲ್ಲ, ನಾವೇ ಕೇಳಬೇಕು. ಹದಿನೇಳು ತುಂಬಿದ ಕೂಡಲೇ ಕೇಳೋಕೆ ಶುರು ಮಾಡಿ. ಹೊರಗೆ ಬಂದ ಮೇಲೆ ಕೇಳಿದ್ದರಿಂದ ನನಗೆ ಏಳು ತಿಂಗಳು ಹೋಯ್ತು. ಆ ಏಳು ತಿಂಗಳು ಒಂದು ಹೋಟೆಲ್‌ನಲ್ಲಿ ಲೋಟ ತೊಳೆದು ಅಲ್ಲೇ ಮಲಗಿದ್ದೆ.

ತಂದೆ ತಾಯಿ ಇಬ್ಬರೂ ಇಲ್ಲದವರು ಡಿಪ್ಲೊಮಾ ಅಥವಾ ಎಂಜಿನಿಯರಿಂಗ್ ಸೇರಿದರೆ ಎಐಸಿಟಿಇಯ ಸ್ವನಾಥ್ ಸ್ಕಾಲರ್‌ಶಿಪ್ ಕೂಡ ಇದೆ, ವರ್ಷಕ್ಕೆ 50,000. ನನ್ನ ಡಿಪ್ಲೊಮಾ ಮುಗಿದಿದ್ದು ಅದರಿಂದ. ಅಕ್ಕಾ, ನಿನಗೆ ಇವೆರಡೂ ಬರಲ್ಲ, ನಿನಗೆ ಅಪ್ಪ ಅಮ್ಮ ಇದ್ದಾರೆ. ಆದರೂ ಅಜ್ಜಿ ಇದ್ದಾರಲ್ವಾ, ಅವರನ್ನ ಚೆನ್ನಾಗಿ ನೋಡ್ಕೋ.

ಸೈಬರ್ ಸೆಂಟರ್ ಅಣ್ಣ

ನಾನು ದಿನಾ ಇದೇ ಅರ್ಜಿ ಹಾಕೋನು. ಒಂದು ಐಡಿಯಾ ಹೇಳ್ತೀನಿ. ನೀನು ಈಗ ಬೇರೆ ಇದ್ದೀಯ. ಅಜ್ಜಿ ರೇಷನ್ ಕಾರ್ಡಿಗೆ ಸೇರಿಕೊಂಡು ನಿನ್ನದೇ ಹೆಸರಲ್ಲಿ ಆದಾಯ ಇಲ್ಲ ಅಂತ ಹೊಸ ಸರ್ಟಿಫಿಕೇಟ್ ಮಾಡಿಸಿಬಿಡು. ಎಲ್ಲ ಸ್ಕಾಲರ್‌ಶಿಪ್ ಸುಲಭವಾಗಿ ಸಿಗುತ್ತೆ.

ಪಾಲಿಟೆಕ್ನಿಕ್ ಸರ್

ಇದನ್ನ ಮಾತ್ರ ಮಾಡಬೇಡ ತಂಗಿ. ಅಪ್ಪ ಅಮ್ಮ ಇದ್ದಾಗ, ಮದುವೆಯಾಗದ ವಿದ್ಯಾರ್ಥಿಗೆ ಅವರ ಆದಾಯವನ್ನೇ ನೋಡೋದು. ಬೇರೆ ಇದ್ದೀನಿ ಅಂದರೆ ಲೆಕ್ಕಕ್ಕೆ ಬರಲ್ಲ. ಅದು ಅನ್ಯಾಯ ಅಂತ ನನಗೂ ಅನ್ನಿಸುತ್ತೆ, ಎಷ್ಟೋ ಮಕ್ಕಳಿಗೆ ಇದರಿಂದ ಬಾಗಿಲು ಮುಚ್ಚುತ್ತೆ. ಅಪ್ಪನಿಗೆ ಒಳ್ಳೆ ಸಂಬಳ, ಮಗಳಿಗೆ ಬಿಡಿಗಾಸೂ ಇಲ್ಲ, ಅಂಥವರ ಕಷ್ಟ ಯಾವ ಅರ್ಜಿಯಲ್ಲೂ ಕಾಣಿಸಲ್ಲ. ಆದರೆ ಸುಳ್ಳು ಪ್ರಮಾಣಪತ್ರ ಕೊಟ್ಟು ಸಿಕ್ಕಿಬಿದ್ದರೆ ಸೀಟೇ ಹೋಗಬಹುದು.

ಅದೂ ಅಲ್ಲದೆ ನಿನಗೆ ಇದು ಬೇಕಾಗಿಯೇ ಇಲ್ಲ. ಮೂರು ಎಕರೆ ರೈತನ ಆದಾಯ ಹೆಚ್ಚಾಗಿ ಮಿತಿಯ ಒಳಗೇ ಇರುತ್ತೆ. ಶಾಲೆಯಲ್ಲಿ ಇದ್ದಾಗ ಜಾತಿ ಆದಾಯ ಪ್ರಮಾಣಪತ್ರ ಮಾಡಿಸಿರ್ತೀರ. ಅದಕ್ಕೆ ಐದು ವರ್ಷ ಅವಧಿ. ಆರ್‌ಡಿ ನಂಬರ್ ಗೊತ್ತಿದ್ದರೆ ನಾಡಕಚೇರಿಯಲ್ಲಿ ಮತ್ತೊಂದು ಪ್ರತಿ ಸಿಗುತ್ತೆ. ನಂಬರ್ ಸಿಇಟಿ ಅರ್ಜಿಯಲ್ಲೇ ಇರಬೇಕು, ನೋಡು.

ಸೈಬರ್ ಸೆಂಟರ್ ಅಣ್ಣ

ಸರ್ ಹೇಳಿದ್ದು ಸರಿ. ನಾನು ಯೋಚನೆ ಮಾಡದೆ ಬರೆದೆ, ಕ್ಷಮಿಸಿ. ಒಂದು ಉಪಯೋಗಕ್ಕೆ ಬರೋದು ಹೇಳ್ತೀನಿ. ಆಧಾರ್‌ಗೆ ನಂಬರ್ ಆದ ಮೇಲೆ ಡಿಜಿಲಾಕರ್ ತೆಗೆದು ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಇದೆಯಾ ಹುಡುಕು. ಸಿಗದಿದ್ದರೆ ನೀನು ಓದಿದ ಹೈಸ್ಕೂಲ್ ಮೂಲಕ ಮಂಡಳಿಗೆ ನಕಲು ಪ್ರತಿಗೆ ಅರ್ಜಿ ಹಾಕಬಹುದು. ಪಿಯುಸಿ ಒರಿಜಿನಲ್ ಮತ್ತು ಟಿಸಿ ನಿನ್ನ ಕಾಲೇಜಲ್ಲೇ ಕೊಡ್ತಾರೆ. ಬೇರೆಯವರು ತಗೊಳ್ಳೋ ಮೊದಲು ನೀನೇ ಹೋಗಿ ಸಹಿ ಮಾಡಿ ತಗೋ.

ಬೆಣ್ಣೆನಗರಿ ಹುಡುಗಿ

ಆರ್‌ಡಿ ನಂಬರ್ ಸಿಕ್ತು! ಇನ್ನೂ ಎರಡು ವರ್ಷ ಅವಧಿ ಇದೆ. ಎಸ್‌ಎನ್‌ಕ್ಯೂಗೂ ಹೌದು ಅಂತ ಕೊಟ್ಟಿದ್ದೆ, ಲೆಕ್ಚರರ್ ಹೇಳಿ ಹಾಕಿಸಿದ್ದರು, ನನಗೇ ನೆನಪಿರಲಿಲ್ಲ. ಬ್ಯಾಂಕ್ ಅಕ್ಕ, ಲೋನ್ ಬಗ್ಗೆ ಸ್ವಲ್ಪ ಹೇಳ್ತೀರಾ? ಅಪ್ಪನ ಸಹಿ ಇಲ್ಲದೆ ಆಗುತ್ತಾ?

ಶಾಖೆಯ ಅಕ್ಕ

ಕಷ್ಟ ಇದೆ, ಆದರೆ ಆಗಲ್ಲ ಅಂತ ಅಲ್ಲ. ಸಾಮಾನ್ಯ ವಿದ್ಯಾಸಾಲದಲ್ಲಿ 4 ಲಕ್ಷದವರೆಗೆ ಕೈಯಿಂದ ಪಾಲು ಹಾಕಬೇಕಿಲ್ಲ, ಅಡಮಾನವೂ ಬೇಡ. ಸರ್ಕಾರದ ಖಾತರಿ ಯೋಜನೆಯಲ್ಲಿ ಏಳೂವರೆ ಲಕ್ಷದವರೆಗೆ ಅಡಮಾನ, ಮೂರನೆಯವರ ಜಾಮೀನು ಬೇಡ. ಆದರೆ ಜಾಮೀನುದಾರ ಬೇರೆ, ಸಹಸಾಲಗಾರ ಬೇರೆ. ನಿನ್ನ ಜೊತೆ ಪೋಷಕರೊಬ್ಬರು ಸಹಿ ಹಾಕಲಿ ಅಂತ ಶಾಖೆಯಲ್ಲಿ ಕೇಳೇ ಕೇಳ್ತಾರೆ. ಅಪ್ಪನೇ ಆಗಬೇಕು ಅಂತಿಲ್ಲ. ಆದಾಯ ಇರೋ ಸೋದರಮಾವ, ಚಿಕ್ಕಮ್ಮ ಸಹಿ ಹಾಕಿದ ಸಾಲಗಳನ್ನ ನಾನೇ ಮಾಡಿಕೊಟ್ಟಿದ್ದೇನೆ. ಅಜ್ಜಿಯ ಪಿಂಚಣಿ ಸಾಲಲ್ಲ.

2024ರ ನವೆಂಬರ್‌ನಲ್ಲಿ ಕೇಂದ್ರ ಸರ್ಕಾರ ಪಿಎಂ ವಿದ್ಯಾಲಕ್ಷ್ಮಿ ಅಂತ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಆಯ್ದ ಒಳ್ಳೆಯ ಕಾಲೇಜುಗಳಿಗೆ ಮಾತ್ರ ಅನ್ವಯ. ಕುಟುಂಬದ ಆದಾಯ 8 ಲಕ್ಷದ ಒಳಗಿದ್ದರೆ 10 ಲಕ್ಷದವರೆಗಿನ ಸಾಲಕ್ಕೆ, ಓದೋ ಸಮಯದಲ್ಲಿ ಬಡ್ಡಿಯಲ್ಲಿ ಶೇ 3 ಸರ್ಕಾರ ಕಟ್ಟುತ್ತೆ. ವೃತ್ತಿಪರ ಕೋರ್ಸು, ಆದಾಯ ನಾಲ್ಕೂವರೆ ಲಕ್ಷದ ಒಳಗೆ ಅಂದರೆ ಆ ಸಮಯದ ಬಡ್ಡಿ ಪೂರ್ತಿ ಸರ್ಕಾರದ್ದೇ. ಮ್ಯಾನೇಜ್‌ಮೆಂಟ್ ಸೀಟಿಗೆ ಇದ್ಯಾವುದೂ ಇಲ್ಲ. ನಿನ್ನ ಕಾಲೇಜು ಪಟ್ಟಿಯಲ್ಲಿದೆಯಾ ಅಂತ ಸೀಟು ಸಿಕ್ಕ ಮೇಲೆ ನೋಡೋಣ.

2ಎ ಆದ್ದರಿಂದ ದೇವರಾಜ ಅರಸು ನಿಗಮದ ಅರಿವು ಸಾಲ ಕೂಡ ನೋಡು. ಸಿಇಟಿಯಲ್ಲಿ ಸೀಟು ಸಿಕ್ಕವರಿಗೆ ವರ್ಷಕ್ಕೆ 1 ಲಕ್ಷದವರೆಗೆ, ಬಡ್ಡಿ ಶೇ 2 ಮಾತ್ರ. ಇಷ್ಟು ಕಡಿಮೆ ಬಡ್ಡಿಗೆ ಬೇರೆ ಎಲ್ಲೂ ಸಿಗಲ್ಲ. ಒಂದು ಮಾತು ಕೇಳು. ಫೋನ್ ಆ್ಯಪ್‌ನಲ್ಲಿ ಐದು ನಿಮಿಷಕ್ಕೆ ಸಾಲ ಕೊಡ್ತೀವಿ ಅನ್ನೋರ ಹತ್ತಿರ ಹೋಗಬೇಡ. ಎಂಥ ಅವಸರ ಇದ್ದರೂ ಬೇಡ.

ನನ್ನ ಸಲಹೆ ಅಂದರೆ, ಹಾಸ್ಟೆಲ್ ಮತ್ತು ಎಸ್‌ಎನ್‌ಕ್ಯೂ ಎರಡೂ ಸಿಕ್ಕರೆ ಸಾಲ ಮಾಡಲೇಬೇಡ. ಪುಸ್ತಕ, ಪರೀಕ್ಷೆ ಫೀಗೆ ಪ್ರಗತಿ ದುಡ್ಡು ಸಾಕು. ಬಸ್ಸಿಗೆ ಶಕ್ತಿ ಯೋಜನೆ ಇದೆ.

ಸಂಜೆ ಕಾಲೇಜಿನವಳು

ನೀನು ಹತ್ತನೇ ಕ್ಲಾಸು, ಪಿಯುಸಿ ಎರಡೂ ಸರ್ಕಾರಿ ಶಾಲೆಯಲ್ಲೇ ಓದಿದ್ದಾ? ಹಾಗಿದ್ದರೆ ಅಜೀಂ ಪ್ರೇಮ್‌ಜಿ ಸ್ಕಾಲರ್‌ಶಿಪ್‌ಗೂ ಹಾಕು. ಸರ್ಕಾರಿ ಶಾಲೆಯಲ್ಲಿ ಓದಿದ ಹೆಣ್ಣುಮಕ್ಕಳಿಗೆ, ವರ್ಷಕ್ಕೆ 30,000. ಬಿಎಸ್ಸಿ ಸೇರಿದರೂ ಸಿಗುತ್ತೆ. ನಾನು ಹಗಲು ಬಟ್ಟೆ ಅಂಗಡಿಯಲ್ಲಿ ಬಿಲ್ಲಿಂಗ್ ಮಾಡಿ, ಸಂಜೆ ಕಾಲೇಜಲ್ಲಿ ಬಿಕಾಂ ಮುಗಿಸಿದವಳು. ಆಗ ಇಂಥದ್ದೊಂದು ಇದ್ದಿದ್ದರೆ ಮೂರು ವರ್ಷ ನಿದ್ದೆ ಮಾಡ್ತಿದ್ದೆ. ಕೆಲಸ ಮಾಡಿಕೊಂಡು ಓದೋದು ಆಗುತ್ತೆ, ಆದರೆ ಎಂಜಿನಿಯರಿಂಗ್ ಜೊತೆಗೆ ಆಗಲ್ಲ. ರಜೆಯಲ್ಲಿ ಟ್ಯೂಷನ್ ಹೇಳು, ಅಷ್ಟು ಸಾಕು.

ಬೆಣ್ಣೆನಗರಿ ಹುಡುಗಿ

ತುಂಬಾ ದಿನ ಆದ ಮೇಲೆ ಬರೀತಿದ್ದೇನೆ. ಎಲ್ಲರೂ ಏನಾಯ್ತು ಅಂತ ಕೇಳಿದ್ದೀರ.

ಆಧಾರ್‌ಗೆ ನಂಬರ್ ಹಾಕಿಸಿದೆ. ಹೊಸ ಖಾತೆ ಆಯ್ತು. ಸೀಡಿಂಗ್‌ಗೆ ಮೂರು ಸಲ ಹೋಗಬೇಕಾಯ್ತು. ಮೊದಲೆರಡು ಸಲ "ಆಗಿದೆ" ಅಂದರು, ಆಗಿರಲಿಲ್ಲ. ಅಕ್ಕ ಹೇಳಿದ್ದಕ್ಕೆ ನಾನು ಸುಮ್ಮನಾಗಲಿಲ್ಲ. ಎರಡನೇ ಸುತ್ತಿನಲ್ಲಿ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಲ್ಲಿ ಸಿವಿಲ್ ಸಿಕ್ತು, ಎಸ್‌ಎನ್‌ಕ್ಯೂನಲ್ಲೇ. ಕಟ್ಟಬೇಕಾದ ದುಡ್ಡಿಗೆ ಅಜ್ಜಿ ಕಿವಿಯ ಬೆಂಡೋಲೆ ಅಡ ಇಟ್ಟರು. ಬೇಡ ಅಂದೆ, ಕೇಳಲಿಲ್ಲ. ಪ್ರಗತಿ ಬಂದರೆ ಮೊದಲು ಅದನ್ನ ಬಿಡಿಸಬೇಕು.

ಎಸ್ಸೆಸ್ಸೆಲ್ಸಿ ಕಾರ್ಡ್ ಅಮ್ಮ ಕಳಿಸಿದರು. ಹಾಲಿನ ಡೇರಿಗೆ ಬರೋ ಪಕ್ಕದ ಮನೆ ಅಕ್ಕನ ಕೈಲಿ, ಹಳೆ ಪಂಚಾಂಗದ ಒಳಗೆ ಇಟ್ಟು. ಏನೂ ಬರೆದಿರಲಿಲ್ಲ.

ಹಾಸ್ಟೆಲ್ ಲಿಸ್ಟಿನಲ್ಲಿ ನನ್ನ ಹೆಸರಿದೆ. ಪೋಷಕರ ಸಹಿ ಜಾಗದಲ್ಲಿ ಅಜ್ಜಿ ಹೆಬ್ಬೆಟ್ಟು ಒತ್ತಿದರು, ವಾರ್ಡನ್ ಮೇಡಂ ಒಪ್ಪಿದರು. ಸೋಮವಾರ ಹೋಗಬೇಕು. ಮೇಷ್ಟ್ರೇ, ಏನೇನು ತಗೊಂಡು ಹೋಗಲಿ?

ಕೊಪ್ಪಳದ ಮೇಷ್ಟ್ರು

ಓದಿ ಕಣ್ಣು ತುಂಬಿ ಬಂತು ತಂಗಿ. ಬಕೆಟ್ಟು, ಮಗ್ಗು, ತಟ್ಟೆ, ಲೋಟ, ದಪ್ಪ ಹೊದಿಕೆ ಒಂದು. ಟ್ರಂಕಿಗೆ ಒಳ್ಳೆ ಬೀಗ ತಗೋ, ಅಗ್ಗದ್ದು ಬೇಡ. ಎಲ್ಲ ದಾಖಲೆಯ ಐದೈದು ಜೆರಾಕ್ಸ್ ಮಾಡಿಸಿ ಒಂದು ಫೈಲಲ್ಲಿ ಹಾಕು, ಒರಿಜಿನಲ್ ಅಜ್ಜಿ ಹತ್ತಿರ ಇರಲಿ. ಎಸ್‌ಎಸ್‌ಪಿ ಶುರುವಾದ ವಾರವೇ ಅರ್ಜಿ ಹಾಕು, ಕೊನೆ ದಿನಕ್ಕೆ ಸರ್ವರ್ ಸಿಗಲ್ಲ. ಹೋದ ಮೊದಲ ದಿನ ಅಡುಗೆಯವರನ್ನ ಮಾತಾಡಿಸು. ಊಟಕ್ಕೆ ತಡವಾದ ದಿನ ನಿನಗೆ ಅಂತ ಒಂದು ಮುದ್ದೆ ತೆಗೆದಿಡ್ತಾರೆ.